ಹಳ್ಳ ಕಾಯುವ ಜಲಜಮ್ಮ ಯಾರನ್ನೂ ನಂಬುವುದಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳ್ಳದ ದಡಕ್ಕೆ ಬಂದ ಜಲಜಮ್ಮ ಮೊದಲು ಕೆಸರನ್ನು ನೋಡುತ್ತಾರೆ. ಕೈಯಲ್ಲಿ ಕತ್ತಿ, ಬಾಯಲ್ಲಿ ಎಲೆಯಡಿಕೆ, ಸೊಂಟಕ್ಕೆ ಬಿಗಿದ ಸೆರಗಿನಲ್ಲಿ ಅಂಗೈಯಗಲದ ಒಂದು ಕಬ್ಬಿಣದ ಚಕ್ರ. ನಿನ್ನೆ ಸಂಜೆ ಮನೆಗೆ ಹೊರಡುವ ಮುಂಚೆ ಅವರು ಈ ದಡದ ಕೆಸರನ್ನು ಅಂಗೈಯಿಂದ ಸವರಿ ಒಪ್ಪ ಮಾಡಿ ಹೋಗಿದ್ದರು. ರಾತ್ರಿ ಯಾರಾದರೂ ಬಂದು ಹೋಗಿದ್ದರೆ ಹೆಜ್ಜೆ ಮೂಡಿರಬೇಕು. ಇವತ್ತು ಮೂಡಿರುವುದು ಒಂದು ಗೊರಸಿನ ಗುರುತು, ಹಕ್ಕಿ ಕಾಲಿನ ನಾಲ್ಕು ಗೀರು. ಜಲಜಮ್ಮ ಬಗ್ಗಿ ಆ ಗೊರಸನ್ನೂ ಪರೀಕ್ಷಿಸುತ್ತಾರೆ.

"ಹಂದಿನೇ. ಮನುಷ್ಯರಾದ್ರೆ ಹಿಮ್ಮಡಿ ಊರ್ತಾರೆ," ಎನ್ನುತ್ತಾರೆ. ಕಳ್ಳ ಸಿಗಲಿಲ್ಲವೆಂದು ಸ್ವಲ್ಪ ಬೇಸರವಾದಂತೆಯೇ ಕಾಣುತ್ತದೆ.

ಆಮೇಲೆ ಸೀರೆ ಎತ್ತಿ ಕಟ್ಟಿ ನೀರಿಗಿಳಿಯುತ್ತಾರೆ. ಹಳ್ಳಕ್ಕೆ ಅಡ್ಡವಾಗಿ ಕಲ್ಲು, ಮಣ್ಣು, ಸಿಮೆಂಟು ಸೇರಿಸಿ ಕಟ್ಟಿದ ಮೊಣಕಾಲೆತ್ತರದ ಒಂದು ಕಟ್ಟು. ಅದರ ಬಾಯಿಗೆ ಕಬ್ಬಿಣದ ಜಾಲರಿ. ರಾತ್ರಿಯಿಡೀ ಕಾಡು ಉದುರಿಸಿದ ಎಲೆ, ಕಡ್ಡಿ, ಕೊಳೆತ ಹಣ್ಣು ಎಲ್ಲ ಅಲ್ಲಿ ಬಂದು ಕವುಚಿಕೊಂಡಿರುತ್ತವೆ. ಎರಡೂ ಕೈಯಲ್ಲಿ ಬಾಚಿ ಬಾಚಿ ದಡಕ್ಕೆ ಎಸೆಯುತ್ತಾರೆ. ಚಳಿಗೆ ಬೆರಳು ಮರಗಟ್ಟುತ್ತವೆ. ಜಾಲರಿ ಬಿಡಿಸಿದ ಮೇಲೆ ಸೆರಗಿನ ಗಂಟು ಬಿಚ್ಚಿ ಚಕ್ರ ತೆಗೆದು, ದಪ್ಪ ಕರಿ ಪೈಪಿನ ವಾಲ್ವಿಗೆ ಕೂರಿಸಿ, ಹಲ್ಲು ಕಚ್ಚಿ ತಿರುಗಿಸುತ್ತಾರೆ. ಪೈಪಿನ ಹೊಟ್ಟೆಯಲ್ಲಿ ಗುಡುಗುಡು ಎಂದು ನೀರು ಓಡುತ್ತದೆ. ಸ್ವಲ್ಪ ಹೊತ್ತಿಗೆ ಕೆಳಗೆ, ಬಿದಿರುಮಟ್ಟಿಯ ಆಚೆಗಿರುವ ತಗಡಿನ ಶೆಡ್ಡಿನಲ್ಲಿ ಟರ್ಬೈನು ಹೂಂಗುಟ್ಟಲು ಶುರುವಾಗುತ್ತದೆ. ಜಲಜಮ್ಮ ಕಿವಿಗೊಟ್ಟು ಕೇಳುತ್ತಾರೆ. ಕಣಿವೆಯಲ್ಲಿ ಒಂದು ಮನೆಯ ದೀಪ ಹೊತ್ತುತ್ತದೆ, ಮತ್ತೊಂದು, ಮಗದೊಂದು.

"ಹಾಂ. ಇವ್ರ ಮಿಷನ್ನು ಶುರುವಾಯ್ತು ಈಗ," ಎಂದು ಅವರು ಬೆನ್ನು ನೆಟ್ಟಗೆ ಮಾಡುತ್ತಾರೆ.

ಇವ್ರು ಎಂದರೆ ಗಂಡ ಮಾಸ್ತಪ್ಪ. ಮಿಷನ್ನು ಎಂದರೆ ಉಬ್ಬಸಕ್ಕೆ ಔಷಧಿಯನ್ನು ಹೊಗೆ ಮಾಡಿ ಮೂಗಿಗೆ ಬಿಡುವ ಪುಟ್ಟ ಯಂತ್ರ. ಬೆಳಗೊಮ್ಮೆ, ಸಂಜೆಯೊಮ್ಮೆ ಅದು ನಡೆಯಲೇಬೇಕು. ಅದು ನಡೆಯಲು ಕರೆಂಟು ಬೇಕು. ಕರೆಂಟು ಬರಲು ಈ ಹಳ್ಳದಲ್ಲಿ ನೀರು ಬೇಕು. ಹಾಗಾಗಿ ಜಲಜಮ್ಮ ಹಳ್ಳದ ಮೇಲೆ ಕಣ್ಣಿಟ್ಟಿದ್ದಾರೆ, ಹಳ್ಳದ ಹತ್ತಿರ ಸುಳಿಯುವ ಪ್ರತಿಯೊಬ್ಬರ ಮೇಲೂ ಕಣ್ಣಿಟ್ಟಿದ್ದಾರೆ.

ಹೊಸನಗರ ತಾಲ್ಲೂಕಿನ ನಿಟ್ಟೂರಿನಿಂದ ಕಾಡಿನ ದಾರಿ ಹಿಡಿದು, ಜೀಪು ನಿಲ್ಲುವಲ್ಲಿ ಇಳಿದು, ಆಮೇಲೂ ನಡೆದರೆ ಸಿಗುವ ಕೇರಿ ಬಾಳೆಕೊಡ್ಲು. ಮನೆಗಳು ಬೆರಳೆಣಿಕೆಯಷ್ಟು. ಕರೆಂಟು ಕಂಬ ಇಲ್ಲಿಯವರೆಗೆ ಬಂದಿಲ್ಲ. ಪ್ರತಿ ಚುನಾವಣೆಗೂ ಬರುತ್ತೇನೆ ಎನ್ನುತ್ತದೆ, ಚುನಾವಣೆ ಮುಗಿದ ಮೇಲೆ ಕಾಡು ಅಡ್ಡ ಇದೆ ಎಂದು ಹಿಂದೆ ಸರಿಯುತ್ತದೆ. ಕಾದು ಸಾಕಾಗಿ ಕೇರಿಯವರೇ ಸೇರಿ ಹಳ್ಳಕ್ಕೆ ಟರ್ಬೈನು ಕೂರಿಸಿಕೊಂಡರು. ಕಟ್ಟಿನಿಂದ ಮೂರು ದಾರಿ. ಸಣ್ಣ ಪೈಪಿನಲ್ಲಿ ಮನೆಗಳಿಗೆ ಕುಡಿಯುವ ನೀರು, ದಪ್ಪ ಪೈಪಿನಲ್ಲಿ ಟರ್ಬೈನಿಗೆ, ಪಕ್ಕದ ಕಾಲುವೆಯಲ್ಲಿ ಗದ್ದೆ ತೋಟಗಳಿಗೆ. ಮಳೆಗಾಲದಲ್ಲಿ ಮೂವರಿಗೂ ಕೊಟ್ಟು ಮಿಗುತ್ತದೆ. ಶಿವರಾತ್ರಿ ಕಳೆದರೆ ಮಿಗುವುದಿಲ್ಲ. ಆಗ ಹಗಲು ನೀರು ಗದ್ದೆ ತೋಟಕ್ಕೆ, ಬೆಳಗಿನ ಜಾವ ಮತ್ತು ಸಂಜೆ ಊಟದವರೆಗೆ ದೀಪಕ್ಕೆ ಎಂದು ಕೇರಿ ಮಾಡಿಕೊಂಡ ಕಟ್ಟಳೆ. ಇದನ್ನು ನಡೆಸುವ ಕೆಲಸ ಜಲಜಮ್ಮನದು.

ಮೊದಲು ಮಾಸ್ತಪ್ಪ ಮಾಡುತ್ತಿದ್ದರು. ಗುಡ್ಡ ಹತ್ತಲು ಉಸಿರು ಸಾಲದಾದಾಗ ಕೆಲಸ ಹೆಂಡತಿಗೆ ಬಂತು. ಅವರ ಕಾಲದಲ್ಲಿ ಚಕ್ರ ವಾಲ್ವಿನ ಮೇಲೆಯೇ ಇರುತ್ತಿತ್ತು. ಜಲಜಮ್ಮ ಕೆಲಸ ಹಿಡಿದ ವಾರದಲ್ಲೇ ಅದನ್ನು ಬಿಚ್ಚಿ ಮನೆಗೆ ತಂದರು. ಅಂದಿನಿಂದ ಚಕ್ರ ಅವರ ಸೊಂಟದಲ್ಲಿರುತ್ತದೆ, ಇಲ್ಲವೇ ಗಂಡನ ಮಂಚದ ಮೇಲ್ಗಡೆ ಗೋಡೆಯ ಮೊಳೆಯಲ್ಲಿ ನೇತಾಡುತ್ತದೆ. ಮಂಗಳವಾರ ನಿಟ್ಟೂರಿಗೆ ಸಾಮಾನು ತರಲು ಹೋಗುವಾಗಲೂ ಮೊಳೆಗೆ ಸಿಕ್ಕಿಸಿ, ಗಂಡನಿಗೆ ಎಚ್ಚರಿಕೆ ಹೇಳಿಯೇ ಹೊರಡುತ್ತಾರೆ.

"ತಾಳಿಗಾದ್ರೂ ಇಷ್ಟು ಜೋಪಾನ ಮಾಡಿದ್ಳೋ ಇಲ್ವೋ," ಎಂದು ಮಂಚದಲ್ಲಿ ಕುಳಿತ ಮಾಸ್ತಪ್ಪ ನಗುತ್ತಾರೆ. ನಗು ಕೆಮ್ಮಾಗುತ್ತದೆ. ಜಲಜಮ್ಮ ಮೂಗು ಮುರಿದು ಬಿಸಿನೀರು ತರಲು ಹೋಗುತ್ತಾರೆ.

ಪತ್ರಿಕೆಯವರೆಂದು ಹೇಳಿಕೊಂಡು ಬಂದವರನ್ನು ಅವರು ಸುಲಭಕ್ಕೆ ಒಳಗೆ ಬಿಟ್ಟುಕೊಂಡಿಲ್ಲ. ಮೊದಲ ದಿನ ಜಗಲಿಯಲ್ಲೇ ತಡೆದು ಚೀಲ ತೋರಿಸಿ ಎಂದರು. ಫೋಟೋ ತೆಗೆಯುವ ಹುಡುಗಿ ಶ್ರಾವ್ಯಾ ಕ್ಯಾಮರಾ ಇಡುವ ಮೂರು ಕಾಲಿನ ಸ್ಟ್ಯಾಂಡು ಬಿಚ್ಚಿದ್ದೇ ತಡ, ಜಲಜಮ್ಮನ ಮುಖ ಕಪ್ಪಿಟ್ಟಿತು. "ಸರ್ವೆಗೆ ಬಂದೋರು ನೀವು. ಈ ಮೂರು ಕಾಲಿಂದು ನಂಗೊತ್ತು. ಮೊದ್ಲು ಜೀಪಿಗೆ ಹಾಕ್ಬನ್ನಿ ಅದನ್ನ. ಆಮೇಲೆ ಕಾಫಿ," ಎಂದರು. ಸ್ಟ್ಯಾಂಡು ಜೀಪಿಗೆ ಹೋಯಿತು. ಕಾಫಿ ಬಂತು, ಜೊತೆಗೆ ಕಡುಬು ಬಂತು, ಆದರೆ ಕಣ್ಣಿನ ಅನುಮಾನ ಹಾಗೇ ಉಳಿಯಿತು.

ಈ ಅನುಮಾನ ಅವರಿಗೆ ತವರಿನ ಬಳುವಳಿ. ತಾಯಿಯ ಮನೆ ಸಾಗರ ಸೀಮೆಯ ಶರಾವತಿ ದಂಡೆಯಲ್ಲಿತ್ತು. ಒಂದು ದಿನ ಯಾರೋ ಬಂದು ಮೂರು ಕಾಲಿನ ಯಂತ್ರ ನಿಲ್ಲಿಸಿ ನೋಡಿದರು, ಗದ್ದೆಯಲ್ಲಿ ಗೂಟ ಹೊಡೆದರು, ಸುಮ್ಮನೆ ಅಳತೆ ಎಂದರು. ಕೆಲವು ವರ್ಷಕ್ಕೆ ಗೂಟದ ತಲೆಯ ಮೇಲೆ ನೀರು ನಿಂತಿತು. ಊರಿಗೆಲ್ಲ ಕರೆಂಟು ಬಂತು. ತಾಯಿ ಮಾತ್ರ ಗುಡ್ಡದ ಮೇಲೊಂದು ಗುಡಿಸಲು ಕಟ್ಟಿಕೊಂಡು ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಜಲಜಮ್ಮನನ್ನು ಹೆತ್ತರು. "ಅವ್ವ ಸಾಯೋ ತಂಕ ಗೂಟ ಕಂಡ್ರೆ ಬೆಚ್ಚಿ ಬೀಳ್ತಿತ್ತು. ಹಸು ಕಟ್ಟೋ ಗೂಟ ಅಂತ ನಾವೇ ಹೇಳ್ಬೇಕಿತ್ತು," ಎನ್ನುವಾಗ ಅವರ ದನಿಯಲ್ಲಿ ತಮಾಷೆ ಇಲ್ಲ.

ಎರಡು ವರ್ಷದ ಹಿಂದೆ ಪೇಟೆಯಿಂದ ಒಬ್ಬರು ಬಂದಿದ್ದರು. ಪಾಳು ಬಿದ್ದ ಗದ್ದೆಯಲ್ಲಿ ಮರ ಬೆಳೆಸಿದರೆ ಗಾಳಿ ಶುದ್ಧವಾಗುತ್ತದೆ, ಅದಕ್ಕೆ ಪರದೇಶದ ಕಂಪನಿ ದುಡ್ಡು ಕೊಡುತ್ತದೆ ಎಂದು ವಿವರಿಸಿದರು. ಜಲಜಮ್ಮ ಎಲ್ಲ ಕೇಳಿಸಿಕೊಂಡರು. ಪೇಟೆಯವರು ಗದ್ದೆಗೆ ಹೊಡೆದು ಹೋದ ಬಣ್ಣದ ಗೂಟಗಳನ್ನು ಮರುದಿನವೇ ಕಿತ್ತು ಹಿತ್ತಲಿನ ಬಸಳೆ ಚಪ್ಪರಕ್ಕೆ ನಿಲ್ಲಿಸಿದರು. ಬಸಳೆ ಚೆನ್ನಾಗಿ ಹಬ್ಬಿದೆ.

ಇಷ್ಟೆಲ್ಲ ಎಚ್ಚರದ ನಡುವೆಯೂ ಕಳೆದ ಬೇಸಿಗೆಯಲ್ಲಿ ಹಳ್ಳ ಕೈಕೊಟ್ಟಿತು. ಶಿವರಾತ್ರಿಗೂ ಮುಂಚೆಯೇ ನೀರು ದಾರದಷ್ಟಾಯಿತು. ಕುಡಿಯುವುದಕ್ಕೆ ಮಾತ್ರ ಸಾಕು ಎನ್ನುವಂತಾಗಿ ಟರ್ಬೈನು ನಿಂತಿತು. ಮಾಸ್ತಪ್ಪನ ಮಿಷನ್ನು ನಿಂತಿತು. ಒಂದು ಸಂಜೆ ಅವರಿಗೆ ಉಸಿರು ಕಟ್ಟಿ ಉಗುರು ನೀಲಿಗಟ್ಟಿದಾಗ ಕೇರಿಯ ಗಂಡಸರು ಕಂಬಳಿಯಲ್ಲಿ ಹೊತ್ತು ಜೀಪಿನವರೆಗೆ ತಂದರು. ಹೊಸನಗರದ ಆಸ್ಪತ್ರೆಯ ಮಂಚದ ಕಾಲಬುಡದಲ್ಲಿ ಕುಳಿತ ಜಲಜಮ್ಮನ ತಲೆಯಲ್ಲಿ ಒಂದೇ ಪ್ರಶ್ನೆ. ನೀರು ಕದ್ದವರು ಯಾರು?

ಅವರ ಲೆಕ್ಕದಲ್ಲಿ ಮೊದಲ ಹೆಸರು ನಾಗೇಂದ್ರನದು. ಮಾಸ್ತಪ್ಪನ ದಾಯಾದಿಯ ಮಗ, ಕಣಿವೆಯ ಮೇಲಿನ ಮನೆಯವನು. ಗದ್ದೆ ಮಾಡುವುದು ಸಾಕೆಂದು ಅಡಿಕೆ ಸಸಿ ಇಟ್ಟು, ಬೋರು ಕೊರೆಸಿ, ಬಿಸಿಲಿನಲ್ಲಿ ಓಡುವ ಸೋಲಾರ್ ಪಂಪು ಕೂರಿಸಿಕೊಂಡಿದ್ದಾನೆ. ಜಲಜಮ್ಮನಿಗೆ ಆ ಪಂಪಿನ ಮೇಲೆ ಹೇಳತೀರದ ಸಿಟ್ಟು. "ಡೀಸೆಲ್ ಪಂಪಾದ್ರೆ ಕೂಗ್ತದೆ ಮಾರಾಯ್ರೆ, ಎಣ್ಣೆ ಖರ್ಚು ಅಂತ ಬೇಗ ಬಂದ್ ಮಾಡ್ತಾರೆ. ಇದಕ್ಕೆ ಸದ್ದೂ ಇಲ್ಲ, ಖರ್ಚೂ ಇಲ್ಲ. ಸೂರ್ಯ ಹುಟ್ಟಿದ್ರಿಂದ ಮುಳುಗೋ ತಂಕ ಎಳೀತಾನೇ ಇರ್ತದೆ. ಭೂಮಿ ಒಳಗಿಂದ ಎಳೆದ್ರೆ ನಂಗೆ ಗೊತ್ತಾಗಲ್ಲ ಅಂತ ತಿಳ್ಕಂಡಾನೆ."

ಎರಡನೆಯ ಹೆಸರು ಪೂರ್ಣೇಶನದು. ಹಳ್ಳದ ನೆತ್ತಿಯ ಹುಲ್ಲುಗಾವಲಿನಲ್ಲಿ ನೀರು ಹೀರುವ ಅಕೇಶಿಯಾ ನೆಟ್ಟವನು. ಮೂರನೆಯದು ಪಕ್ಕದ ಮನೆಯ ದುರ್ಗಮ್ಮನದು. ಊರೆಲ್ಲ ಒಣಗಿ ಕಡ್ಡಿಯಾದ ಬೇಸಿಗೆಯಲ್ಲೂ ಅವರ ಅಂಗಳದಲ್ಲಿ ಡೇರೆ ಹೂವು ನಗುತ್ತಿರುತ್ತದೆ, ಹಸುವಿನ ಮುಂದೆ ಹಸಿರು ಹುಲ್ಲಿರುತ್ತದೆ. ಅದು ಹೇಗೆ ಎಂದು ಕೇಳಿದರೆ ಪಾತ್ರೆ ತೊಳೆದ ನೀರು ಎನ್ನುತ್ತಾರೆ. "ಅಷ್ಟು ಪಾತ್ರೆ ತೊಳಿಯೋಕೆ ಆ ಮನೇಲಿ ದಿನಾ ಮದುವೆ ನಡೀತದನಾ?" ಎಂಬುದು ಜಲಜಮ್ಮನ ಪ್ರಶ್ನೆ.

ಅನುಮಾನ ಯಾರ ಮೇಲೆ ಎಂದು ತಿಳಿಯದಾಗ ಬಾಳೆಕೊಡ್ಲಿನಲ್ಲಿ ಒಂದು ಕ್ರಮವಿದೆ. ಕೇರಿಯ ತಲೆಗಿರುವ ಚೌಡಿಯ ಕಲ್ಲಿನ ಮುಂದೆ ಜುಟ್ಟಿರುವ ತೆಂಗಿನಕಾಯಿ ಇಟ್ಟು, ನಾಲ್ಕು ಜನ ಕೇಳುವಂತೆ ದೂರು ಹೇಳಬೇಕು. ತಪ್ಪು ಮಾಡಿದವರು ಹೆದರಿ ಬಂದು ತಪ್ಪುಕಾಣಿಕೆ ಇಟ್ಟು ಬೇರೆ ಕಾಯಿ ಒಡೆಯಬೇಕು. ತೊಂದರೆ ಪರಿಹಾರವಾದ ಮೇಲೆ ದೂರು ಕೊಟ್ಟವರು ತಮ್ಮ ಕಾಯಿ ಎತ್ತಿಕೊಳ್ಳಬೇಕು. ಅಲ್ಲಿಯವರೆಗೆ ಚೌಡಿಯ ಕಣ್ಣು ಕಳ್ಳರ ಮನೆಯ ಮೇಲಿರುತ್ತದೆ ಎಂಬ ನಂಬಿಕೆ. ಆಸ್ಪತ್ರೆಯಿಂದ ಬಂದ ಮರುದಿನ ಜಲಜಮ್ಮ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಹೋಗಿ ಕಾಯಿ ಇಟ್ಟರು. "ನನ್ನ ಹಳ್ಳದ ನೀರು ತಪ್ಪಿಸಿದೋರು ಯಾರೇ ಇರ್ಲಿ, ನೀನೇ ನೋಡ್ಕೋ ತಾಯಿ," ಎಂದು ಗಟ್ಟಿಯಾಗಿ ಹೇಳಿದರು. ಹೆಸರು ಹೇಳಲಿಲ್ಲ. ಹೇಳದೇ ಇದ್ದದ್ದೇ ಆಮೇಲೆ ಅವರ ನಿದ್ದೆ ಕೆಡಿಸಿತು.

ಮೊದಮೊದಲು ಖುಷಿಯೇ ಆಯಿತಂತೆ. ಅದನ್ನು ಅವರು ಮುಚ್ಚಿಡುವುದಿಲ್ಲ. ನಾಗೇಂದ್ರನ ಅಡಿಕೆಗೆ ಎಲೆಚುಕ್ಕಿ ರೋಗ ಬಂತು. ಪೂರ್ಣೇಶನ ಬೈಕು ಮೋರಿಗೆ ಬಿತ್ತು. ದುರ್ಗಮ್ಮನ ಹಸು ತಿಂಗಳು ತುಂಬುವ ಮೊದಲೇ ಗಬ್ಬ ಹಾಕಿತು. ಕೇರಿಯಲ್ಲಿ ಜನ ಜಲಜಮ್ಮನನ್ನು ಕಂಡರೆ ಮಾತು ನಿಲ್ಲಿಸತೊಡಗಿದರು. ಅಷ್ಟರಲ್ಲಿ ಮಾಸ್ತಪ್ಪನ ಉಬ್ಬಸವೂ ಏರಿತು. ಮೊದಲ ಮಳೆ ಬಿದ್ದು ಟರ್ಬೈನು ತಿರುಗಿ, ಮಿಷನ್ನು ಎರಡು ಹೊತ್ತೂ ನಡೆದರೂ ಎದೆಯ ಗೊರಗೊರ ಇಳಿಯಲಿಲ್ಲ. ಒಂದು ಬೆಳಿಗ್ಗೆ ಅವರಿಗೆ ಗಂಜಿ ಕುಡಿಸುತ್ತಿದ್ದ ಜಲಜಮ್ಮನಿಗೆ ಥಟ್ಟನೆ ಹೊಳೆಯಿತು. ಚೌಡಿ ನೋಡುತ್ತಿರುವುದು ತಮ್ಮ ಮನೆಯನ್ನೇ ಆಗಿದ್ದರೆ?

ಆ ಆಲೋಚನೆಯನ್ನು ಅವರು ಒದರಿ ಹಾಕಿದರು. ಹಳ್ಳದ ಒಂದು ಹನಿಯನ್ನೂ ತಾವು ಕದ್ದಿಲ್ಲ. ಆದರೂ ತಲೆಗೆ ಹುಳ ಬಿಟ್ಟುಕೊಂಡಾಗಿತ್ತು. ಕಳ್ಳತನ ನಾಗೇಂದ್ರನದೇ ಎಂದು ಸಾಬೀತು ಮಾಡಿಬಿಟ್ಟರೆ ತಮ್ಮ ಮನೆಗೆ ಅಂಟಿದ ಭಯ ಬಿಡುತ್ತದೆ ಎಂದುಕೊಂಡು, ಆರಿದ್ರೆ ಮಳೆ ಬಡಿಯುತ್ತಿದ್ದ ಒಂದು ಬೆಳಿಗ್ಗೆ ತಲೆ ಬೆನ್ನು ಮುಚ್ಚುವ ಎಲೆಯ ಗೊರಬು ಹೊದ್ದು ಗುಡ್ಡ ಹತ್ತಿದರು. ನಾಗೇಂದ್ರನ ತೋಟದ ಚರಂಡಿ ಎತ್ತ ತಿರುಗಿದೆ ಎಂದು ನೋಡಬೇಕಿತ್ತು. ಹೋಗುವ ದಾರಿಯಲ್ಲಿ ತಮ್ಮದೇ ಮಕ್ಕಿ ಗದ್ದೆ ದಾಟಬೇಕು.

ಮಕ್ಕಿ ಗದ್ದೆ ಎಂದರೆ ಮಳೆ ನೀರಿನಲ್ಲೇ ಬೆಳೆ ತೆಗೆಯುವ ಮೇಲಿನ ಮಟ್ಟದ ಗದ್ದೆ. ಇವರ ಗದ್ದೆ ಹಳ್ಳದ ಒರತೆಯ ನೇರ ಮೇಲಕ್ಕಿದೆ. ಮಾವನ ಕಾಲದಲ್ಲಿ ಗೇಣಿಗೆ ಮಾಡುತ್ತಿದ್ದದ್ದು, ಉಳುವವರಿಗೆ ಭೂಮಿ ಎಂದಾದಾಗ ಡಿಕ್ಲರೇಷನ್ ಹಾಕಿ ಪಡೆದದ್ದು. ಜಲಜಮ್ಮ ಮದುವೆಯಾಗಿ ಬಂದಾಗ ಅಲ್ಲಿ ಆಳೆತ್ತರ ಭತ್ತ ಬೆಳೆಯುತ್ತಿತ್ತು. ಟರ್ಬೈನಿನ ಕೆಲಸ ಕೈಗೆ ಬಂದ ಮೇಲೆ ಬೆಳಗು ಸಂಜೆ ಹಳ್ಳದಲ್ಲೇ ಕಳೆಯಿತು. ಮಂಗ, ಹಂದಿ ಕಾಯುವವರಿಲ್ಲ, ಆಳು ಸಿಗುವುದಿಲ್ಲ. ಸೊಸೈಟಿಯಲ್ಲಿ ಅಕ್ಕಿ ಸಿಗುವಾಗ ಈ ಒದ್ದಾಟ ಯಾಕೆ ಎಂದು ಗದ್ದೆ ಬಿಟ್ಟರು. ಏಳೆಂಟು ವರ್ಷವಾಗಿತ್ತು.

ಅವತ್ತು ಅವರು ಕಂಡದ್ದು ಇಷ್ಟು. ಗದ್ದೆಯಂಚು ಮೂರು ಕಡೆ ಕುಸಿದಿತ್ತು. ಗುಡ್ಡದಿಂದ ಬಂದ ಮಳೆನೀರು ಗದ್ದೆಯಲ್ಲಿ ಒಂದು ಗಳಿಗೆಯೂ ನಿಲ್ಲದೆ, ಕೆಂಪು ಮಣ್ಣನ್ನೂ ಎಳೆದುಕೊಂಡು, ಒರತೆಯನ್ನು ಬಳಸಿ ಭೋರೆಂದು ಕೆಳಗೋಡುತ್ತಿತ್ತು. ಅತ್ತೆ ಇದ್ದಾಗ ಈ ಅಂಚಿನಲ್ಲಿ ಏಡಿ ತೂತು ಹುಡುಕಿ ಮಣ್ಣು ಮೆತ್ತುವುದೇ ಸೊಸೆಯ ಕೆಲಸವಾಗಿತ್ತು. ನೀರು ಸೋರಿದರೆ ಅತ್ತೆ ಬೈಯುತ್ತಿದ್ದರು. ಮಹಾನವಮಿಯವರೆಗೂ ಗದ್ದೆ ತುಂಬಿ ನಿಂತಿರುತ್ತಿತ್ತು, ನಿಧಾನವಾಗಿ ಇಂಗುತ್ತಿತ್ತು. ಅದು ಭತ್ತಕ್ಕಾಗಿ ಎಂದೇ ಜಲಜಮ್ಮ ತಿಳಿದಿದ್ದರು. ಗೊರಬಿನ ಮೇಲೆ ಮಳೆ ಸುರಿಯುತ್ತಿರಲು ಅವರು ಕುಸಿದ ಅಂಚಿನ ಮೇಲೆ ನಿಂತು ಕೆಳಗಿನ ಹಳ್ಳವನ್ನೇ ನೋಡಿದರು. ಆಮೇಲೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತಲೂ ನೋಡಿದರು.

"ನಾಗೇಂದ್ರನ್ನ ಹಿಡಿಯಕ್ಕೆ ಹೋದೋಳು ನಾನೇ ಸಿಕ್ಕಾಕ್ಕಂಡೆ ಅನ್ನಿಸ್ತು," ಎನ್ನುತ್ತಾರೆ ಅವರು. ಕೂಡಲೇ ದನಿ ಏರಿಸುತ್ತಾರೆ. "ಹಂಗಂತ ಅವ್ನದ್ದೇನೂ ಇಲ್ಲ ಅಂತಲ್ಲ ಮತ್ತೆ. ಬರ್ಕಳ್ಳಿ ಅದನ್ನ."

ಟರ್ಬೈನಿನ ಬೇರಿಂಗು ಬದಲಿಸಲು ಹೊಸನಗರದಿಂದ ಬರುವ ಫಿಟ್ಟರ್ ಯೋಗರಾಜ್ ಒಬ್ಬರ ಬಳಿ ಅವರು ಇದನ್ನು ಸುತ್ತಿ ಬಳಸಿ ಕೇಳಿದರು. ಮೇಲೆ ಗದ್ದೆ ಬಿಟ್ಟರೆ ಕೆಳಗೆ ಕರೆಂಟು ಕಮ್ಮಿಯಾಗುತ್ತದೆಯೇ? ಯೋಗರಾಜ್ ಕೈಯ ಗ್ರೀಸು ಒರೆಸಿಕೊಳ್ಳುತ್ತಾ, "ಆಗ್ಬಹುದು. ಬೋರಿಂದ್ಲೂ ಆಗ್ಬಹುದು, ಅಕೇಶಿಯಾದಿಂದ್ಲೂ ಆಗ್ಬಹುದು. ಮಳೆ ಈಗ ಮೊದಲಿನ ಹಂಗೆ ಹದವಾಗಿ ಹಿಡಿಯಲ್ಲ, ಒಂದೇ ಸಲ ಹುಯ್ದು ಹೋಗ್ತದೆ, ಅದೂ ಇರ್ಬಹುದು. ನಾನು ಪೈಪಿನೊಳಗಿನ ನೀರಿಗೆ ಜವಾಬ್ದಾರ ಜಲಜಮ್ಮ, ಗುಡ್ಡದೊಳಗಿಂದು ನಂಗೆ ತಿಳಿಯಲ್ಲ," ಎಂದರು. ಈ ಉತ್ತರ ಜಲಜಮ್ಮನಿಗೆ ಹಿಡಿಸಲಿಲ್ಲ. ಕಳ್ಳ ಒಬ್ಬನೇ ಇದ್ದರೆ ಹಿಡಿಯುವುದು ಸುಲಭ.

ಅವರು ಕೇರಿಯವರಿಗೆ ಏನೂ ಹೇಳಲಿಲ್ಲ. ಗುದ್ದಲಿ ತೆಗೆದುಕೊಂಡು ಹೋಗಿ ಅಂಚು ಕಟ್ಟತೊಡಗಿದರು. ಯಾಕೆಂದು ಕೇಳಿದವರಿಗೆ ಸೊಸೈಟಿ ಅಕ್ಕಿ ಉಂಡು ಹೊಟ್ಟೆ ಕೆಟ್ಟಿದೆ ಎಂದರು. ಅದು ಪೂರ್ತಿ ಸುಳ್ಳೇನಲ್ಲ. ಹಳ್ಳ ಕಾಯುವವರಿಗೆ ಸುಗ್ಗಿಯಲ್ಲಿ ಮನೆಗೊಂದಿಷ್ಟು ಭತ್ತ ಕೊಡುವುದು ಇಲ್ಲಿನ ವಾಡಿಕೆ. ಒಂದೊಂದೇ ಮನೆಯ ಗದ್ದೆ ತೋಟವಾದ ಮೇಲೆ ಭತ್ತದ ಬದಲು ರೇಷನ್ನಿನ ಅಕ್ಕಿ ಬರತೊಡಗಿತ್ತು. ತಮ್ಮ ಮನೆಯಲ್ಲಿ ಬೇಡವಾದದ್ದನ್ನು ತಮಗೆ ದಾಟಿಸುತ್ತಾರೆ ಎಂಬ ಸಂಶಯವೂ ಜಲಜಮ್ಮನಿಗಿತ್ತು.

ಆಮೇಲೆ ನಡೆದದ್ದು ಅವರಿಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಅಂಚು ಕಟ್ಟಲು ಶುರು ಮಾಡಿದ ಮೂರನೆಯ ದಿನ ನಾಗೇಂದ್ರ ಕರೆಯದೇ ಟಿಲ್ಲರ್ ತಂದು ಗದ್ದೆಗಿಳಿಸಿದ. "ಸುಮ್ನೆ ನಿಂತಿತ್ತು ಜಲಜಕ್ಕ. ಓಡಿಸ್ದೇ ಇದ್ರೆ ತುಕ್ಕು ಹಿಡೀತದೆ," ಎಂದನಂತೆ. ದುರ್ಗಮ್ಮ ತಮ್ಮ ಗದ್ದೆಯಲ್ಲಿ ನೆಟ್ಟು ಉಳಿದ ಭತ್ತದ ಸಸಿಯನ್ನು ಹೊರೆ ಕಟ್ಟಿ ಹೊತ್ತು ತಂದರು, ತಾವೇ ಸೊಂಟ ಬಗ್ಗಿಸಿ ನೆಟ್ಟರು. ಪೂರ್ಣೇಶ ಹಂದಿ ಬಾರದಂತೆ ಬೇಲಿ ಬಿಗಿದ. ಬೇಲಿಗೆ ತಂದದ್ದು ಅಕೇಶಿಯಾದ ಗಳು. ಹುಲ್ಲುಗಾವಲಿನ ಅಷ್ಟು ಮರ ಯಾಕೆ ಕಡಿದ ಎಂದು ಕೇಳಿದರೆ ತಲೆ ಕೆರೆದುಕೊಂಡ. ಇವತ್ತು ನಮಗೆ ನಾಳೆ ನಿಮಗೆ ಎನ್ನುವ ಮುಯ್ಯಾಳು ಲೆಕ್ಕವೇ ಎಂದರೆ ಯಾರೂ ಹೌದು ಎನ್ನಲಿಲ್ಲ.

"ಪುಕ್ಕಟೆ ಯಾರು ಬರ್ತಾರೆ ಈಗಿನ ಕಾಲದಲ್ಲಿ?" ಎಂದು ಜಲಜಮ್ಮ ಪತ್ರಿಕೆಯವರನ್ನೇ ಕೇಳುತ್ತಾರೆ. "ನಂಗೆ ಅವಾಗ್ಲೇ ಅನುಮಾನ. ಗದ್ದೆ ಮೇಲೆ ಕಣ್ಣು ಹಾಕ್ಯಾರೆ, ಇವ್ರು ಹೋದ ಮೇಲೆ ನನ್ನ ಹತ್ರ ಬರೆಸ್ಕಳ್ಳಕ್ಕೆ ನೋಡ್ತಾರೆ ಅಂತ. ಉಣ್ಣಕ್ಕೆ ಹಾಕ್ದೆ. ಆದ್ರೆ ಒಂದು ಕಣ್ಣು ಇಟ್ಟೇ ಇದ್ದೆ."

ಗದ್ದೆ ತುಂಬಿ ನಿಂತಿತು. ಜಲಜಮ್ಮ ದಿನಾ ಹಳ್ಳದ ಕೆಲಸ ಮುಗಿಸಿ ಅಂಚಿನ ಮೇಲೆ ನಡೆದು ಏಡಿ ತೂತಿಗೆ ಮಣ್ಣು ಮೆತ್ತಿದರು. ಬೆಳೆ ಹೊಡೆ ಹಾಯ್ದು, ಭೂಮಿ ಹುಣ್ಣಿಮೆಗೆ ಬಯಕೆಯೂಟ ಬಡಿಸಿದ್ದೂ ಆಯಿತು. ಮಂಗ ತಿಂದು, ಬೇಲಿ ಹಾರಿದ ಹಂದಿ ಹೊರಳಾಡಿ, ಉಳಿದ ಭತ್ತ ಇಬ್ಬರ ಊಟಕ್ಕೆ ಅರ್ಧ ವರ್ಷ ಬಂದೀತು. ಅದರ ಚಿಂತೆ ಅವರಿಗಿರಲಿಲ್ಲ. ಸಂಕ್ರಾಂತಿ ಕಳೆಯಿತು, ಹಳ್ಳ ಇತ್ತು. ಶಿವರಾತ್ರಿ ಕಳೆಯಿತು, ಹಳ್ಳ ಸಣ್ಣದಾಯಿತು, ಆದರೂ ಇತ್ತು. ಟರ್ಬೈನು ಎರಡು ಹೊತ್ತೂ ತಿರುಗುತ್ತಿದೆ. ನಾಗೇಂದ್ರನ ಪಂಪು ಈಗ ಮಧ್ಯಾಹ್ನದ ಮೇಲೆ ನಿಂತಿರುತ್ತದೆ ಎಂದು ಯಾರೋ ಹೇಳಿದ್ದಾರೆ. ಜಲಜಮ್ಮ ಅದನ್ನು ನಂಬಿಲ್ಲ. ಹಾಗೆಂದು, ಅಲ್ಲಗಳೆಯಲು ಎರಡು ಸಲ ಹೋಗಿ ನೋಡಿದಾಗಲೂ ಪಂಪು ನಿಂತೇ ಇತ್ತು.

ಇನ್ನು ಚೌಡಿಯ ಮುಂದಿನ ಕಾಯಿ ಎತ್ತಬೇಕು. ತೊಂದರೆ ಕಳೆದ ಮೇಲೂ ಬಿಟ್ಟರೆ ಅದು ಇಟ್ಟವರ ಮನೆಗೇ ತಿರುಗುತ್ತದೆ ಎನ್ನುತ್ತಾರೆ. ಕಷ್ಟವಿದ್ದದ್ದು ಬೇರೆ ಕಡೆ. ದೂರು ಕೊಟ್ಟವರು ಜಲಜಮ್ಮ. ತಪ್ಪುಕಾಣಿಕೆ ಇಡಬೇಕಾದವರೂ ಜಲಜಮ್ಮನೇ. ನಾಲ್ಕು ಜನರ ಮುಂದೆ ಗಟ್ಟಿಯಾಗಿ ಶಾಪ ಹಾಕಿದ ಬಾಯಲ್ಲೇ ನಾಲ್ಕು ಜನರ ಮುಂದೆ ತಪ್ಪಾಯಿತು ಎನ್ನುವುದು ಹೇಗೆ? ನಾಗೇಂದ್ರ ಅಲ್ಲಿ ನಿಂತು ನೋಡುವುದನ್ನು ನೆನೆದರೇ ಅವರಿಗೆ ಮೈ ಉರಿಯುತ್ತದೆ.

ಹಾಗಾಗಿ ಮೊನ್ನೆ ಮಂಗಳವಾರ, ಕೋಳಿ ಕೂಗಿದ ಕೂಡಲೇ, ಹಳ್ಳಕ್ಕೆ ಹೋಗುವವರಂತೆ ಕತ್ತಿ ಹಿಡಿದು ಹೊರಟರು. ಸೆರಗಿನೊಳಗೆ ಒಂದು ತೆಂಗಿನಕಾಯಿ, ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಕಾಣಿಕೆ. ಮಾಸ್ತಪ್ಪ ಮುಸುಕಿನೊಳಗಿಂದಲೇ, "ಇವತ್ತು ಹಳ್ಳಕ್ಕೆ ಯಾಕೆ ಇಷ್ಟು ಬೇಗ ಹೊರಟೆ?" ಎಂದರು. "ಎಲೆ ಭಾಳ ಬಿದ್ದಾವೆ," ಎಂದು ಇವರು ಹೇಳಿದರು. ಈ ಮಾತುಕತೆಯನ್ನು ಅವರು ಪತ್ರಿಕೆಯವರಿಗೆ ಹೇಳಿದ್ದು ಗಂಡನ ಕಿವಿಗೆ ಬೀಳದಂತೆ, ಹಳ್ಳದ ಕಟ್ಟಿನ ಮೇಲೆ ಕುಳಿತು, ದನಿ ತಗ್ಗಿಸಿ.

ಚೌಡಿಯ ಬನದಲ್ಲಿ ಅವರ 'ದೂರಿನ ಕಾಯಿ' ಒಣಗಿ ಕರ್ರಗಾಗಿ ಇಟ್ಟಲ್ಲೇ ಇತ್ತು. ಅದರ ಸುತ್ತ ಒಡೆದ ಕಾಯಿಯ ಹೋಳುಗಳು ಬಿದ್ದಿದ್ದವು. ಕೆಲವು ಹಳೆಯವು, ಮಳೆಗೆ ಕೊಳೆತು ಪಾಚಿ ಕಟ್ಟಿದವು. ಕೆಲವು ಇತ್ತೀಚಿನವು. ಒಂದರಲ್ಲಿ ಇರುವೆ ಇನ್ನೂ ಮುತ್ತಿತ್ತು. ಜಲಜಮ್ಮ ಬಗ್ಗಿದರು, ಕೆಸರಿನ ಹೆಜ್ಜೆ ನೋಡುವಂತೆಯೇ ನೋಡಿದರು. ಚುಕ್ಕಿ ಬಿದ್ದ ಅಡಿಕೆ ಸೋಗೆಯ ತುಂಡಿನಲ್ಲಿ ಸುತ್ತಿದ ಕಾಣಿಕೆ ಒಂದು. ಅಕೇಶಿಯಾದ ಚಕ್ಕೆಯ ಮೇಲಿಟ್ಟ ಕುಂಕುಮ ಒಂದು. ಇನ್ನೂ ಯಾರು ಯಾರದೋ, ಅವರ ಅನುಮಾನದ ಪಟ್ಟಿಯಲ್ಲಿ ಹೆಸರೇ ಇಲ್ಲದವರದು. ಕೇರಿಯ ಒಂದೊಂದು ಮನೆಯೂ ತಾನೇ ಕಳ್ಳನೆಂದುಕೊಂಡು, ಒಬ್ಬರಿಗೊಬ್ಬರು ಹೇಳದೆ, ಕದ್ದು ಬಂದು ಕಾಯಿ ಒಡೆದು ಹೋಗಿತ್ತು.

"ಟಿಲ್ಲರ್ ಯಾಕೆ ಬಂತು ಅಂತ ಅವಾಗ ಗೊತ್ತಾಯ್ತು," ಎನ್ನುತ್ತಾರೆ. ಜಾಲರಿಗೆ ಅಡ್ಡ ಬಂದ ಕಡ್ಡಿಯೊಂದನ್ನು ಎತ್ತಿ ಎಸೆಯುತ್ತಾರೆ. ನೀರು ಜಾಲರಿ ದಾಟುವ ಸದ್ದು ಕೇಳುತ್ತದೆ. "ಅಳು ಬಂತು ಮಾರಾಯ್ರೆ. ಯಾರೂ ಇರ್ಲಿಲ್ಲ, ಅತ್ಬಿಟ್ಟೆ."

ಕಣ್ಣೊರೆಸಿಕೊಂಡು ತಮ್ಮ ಕಾಯಿ ಒಡೆದು, ಕಾಣಿಕೆ ಇಡಲು ಕಲ್ಲಿನ ಸಂದಿಗೆ ಕೈ ಹಾಕಿದಾಗ ಅಲ್ಲಿ ಮತ್ತೆರಡು ಸಿಕ್ಕವು, ಒಟ್ಟಿಗೇ ಇಟ್ಟವು. ಒಂದು, ಬಾಡಿದ ಡೇರೆ ಹೂವು ಸಿಕ್ಕಿಸಿದ ಎಲೆಯ ಪೊಟ್ಟಣ. ದುರ್ಗಮ್ಮನದು, ಕೇಳುವುದೇ ಬೇಡ. ಇನ್ನೊಂದು, ಔಷಧಿ ಅಂಗಡಿಯ ಕಾಗದದ ಪುಟ್ಟ ಲಕೋಟೆಯಲ್ಲಿ ಮಡಚಿಟ್ಟ ಕಾಣಿಕೆ. ಹೊಸನಗರದಿಂದ ಉಬ್ಬಸದ ಮಾತ್ರೆ ಹಾಕಿಕೊಡುವ ಲಕೋಟೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಪೆನ್ನಿನಲ್ಲಿ ಬರೆದ ಗುರುತು ಇನ್ನೂ ಅಳಿಸಿರಲಿಲ್ಲ. ಬಾಳೆಕೊಡ್ಲಿನಲ್ಲಿ ಆ ಮಾತ್ರೆ ನುಂಗುವವರು ಒಬ್ಬರೇ.

ಎರಡು ಕಾಣಿಕೆ ಒಟ್ಟಿಗೇ ಯಾಕಿವೆ ಎಂದು ಜಲಜಮ್ಮ ಲೆಕ್ಕ ಹಾಕಿದರು. ತಾವು ಬೆಳಗಿನ ನೀರು ಬಿಟ್ಟು ನಿಟ್ಟೂರಿಗೆ ಹೋದ ಮಂಗಳವಾರಗಳಲ್ಲೆಲ್ಲ ಚಕ್ರ ಮೊಳೆಯಿಂದಿಳಿದು ದುರ್ಗಮ್ಮನ ಕೈಗೆ ಹೋಗುತ್ತಿತ್ತು, ದೀಪದ ಸರದಿ ಮುಗಿಯುವ ಮೊದಲೇ ದಪ್ಪ ಪೈಪು ಮುಚ್ಚಿ ಕಾಲುವೆಗೆ ನೀರು ತಿರುಗುತ್ತಿತ್ತು, ಹಸುವಿಗೆ ಹುಲ್ಲು ಚಿಗುರುತ್ತಿತ್ತು, ಸಂಜೆಯೊಳಗೆ ಚಕ್ರ ಮತ್ತೆ ಮೊಳೆಗೆ ಬರುತ್ತಿತ್ತು. ಯಾರ ಉಸಿರಿಗೆಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಈ ನೀರು ಕಾದರೋ ಆ ಮನುಷ್ಯನೇ, ಪಕ್ಕದ ಮನೆಯ ಹಸುವಿನ ಮೇಲೆ ಕನಿಕರಪಟ್ಟು, ಚಕ್ರ ತೆಗೆದು ಕೊಟ್ಟಿದ್ದರು. ಆಮೇಲೆ ಹೆದರಿ, ಗೊರಗುಟ್ಟುವ ಎದೆ ಹಿಡಿದುಕೊಂಡು, ಏರು ಹತ್ತಿ ಇಲ್ಲಿಯವರೆಗೂ ಬಂದಿದ್ದರು. ಸಿಟ್ಟಿಗಿಂತ ಮುಂಚೆ, ಹೇಗೆ ಹತ್ತಿದರು ಎಂದು ಜಲಜಮ್ಮ ಆ ಏರನ್ನೊಮ್ಮೆ ತಿರುಗಿ ನೋಡಿದರು. ಲಕೋಟೆಯನ್ನು ಇದ್ದಲ್ಲೇ ಇಟ್ಟು, ತಮ್ಮ ಕಾಣಿಕೆಯನ್ನು ಅದರ ಪಕ್ಕಕ್ಕೆ ಸರಿಸಿ, ಒಣಗಿದ ಕಾಯಿ ಎತ್ತಿಕೊಂಡು ಬಂದರು.

ಗಂಡನ ಬಳಿ ಕೇಳಿದರೇ ಎಂದರೆ ಇಲ್ಲವೆನ್ನುತ್ತಾರೆ. "ಕೇಳಿದ್ರೆ ನಾನು ಅಲ್ಲಿಗೆ ಯಾಕೆ ಹೋಗಿದ್ದೆ ಅಂತ ಅವ್ರು ಕೇಳ್ತಾರೆ. ನಾಗೇಂದ್ರಂಗೂ ಕೇಳಿಲ್ಲ, ದುರ್ಗಕ್ಕಂಗೂ ಕೇಳಿಲ್ಲ. ಎಲ್ರೂ ಅವ್ರವ್ರ ಪಾಡಿಗೆ ಹೆದ್ರಿಕಂಡಿರ್ಲಿ. ಹಳ್ಳಕ್ಕೆ ಅದೇ ಒಳ್ಳೇದು."

ಅವರಿಗಿರುವ ಆಸೆ ದೊಡ್ಡದಲ್ಲ. ಈ ಸಲ ಮೊದಲ ಮಳೆ ಬೀಳುವವರೆಗೆ ಟರ್ಬೈನು ಒಂದು ಸಂಜೆಯೂ ನಿಲ್ಲಬಾರದು. ಮಿಷನ್ನು ತಪ್ಪಬಾರದು. ಬಿಸಿಲೇರಿದೆ, ಗದ್ದೆ ತೋಟದ ಸರದಿ. ಜಲಜಮ್ಮ ಎದ್ದು ವಾಲ್ವು ತಿರುಗಿಸಿ ಟರ್ಬೈನಿನ ನೀರು ನಿಲ್ಲಿಸುತ್ತಾರೆ. ಹೂಂಗುಟ್ಟುವ ಸದ್ದು ಇಳಿಯುತ್ತಾ ಇಳಿಯುತ್ತಾ ನಿಲ್ಲುತ್ತದೆ. ಕಾಲುವೆ ತುಂಬಿ ನೀರು ಕೆಳಗೆ ಹೊರಡುತ್ತದೆ, ಕೇರಿಯ ಗದ್ದೆ ತೋಟಗಳ ಕಡೆಗೆ, ದುರ್ಗಮ್ಮನ ಹುಲ್ಲಿನ ಕಡೆಗೆ. ಇಷ್ಟಾದ ಮೇಲೆ ಚಕ್ರವನ್ನು ವಾಲ್ವಿನಲ್ಲೇ ಬಿಡಬಹುದಲ್ಲ ಎಂದು ಶ್ರಾವ್ಯಾ ಕೇಳುತ್ತಾಳೆ.

ಜಲಜಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಚಕ್ರ ಬಿಚ್ಚುತ್ತಾರೆ, ಸೆರಗಿಗೆ ಗಂಟು ಹಾಕುತ್ತಾರೆ, ದಡದ ಕೆಸರನ್ನು ಅಂಗೈಯಿಂದ ಸವರಿ ಒಪ್ಪ ಮಾಡುತ್ತಾರೆ.

"ಆ ಮೊಳೆ ಕಿತ್ತು ಹಾಕಿದೀನಿ," ಎನ್ನುತ್ತಾರೆ. "ಚಕ್ರ ಈಗ ನನ್ನ ತಲೆದಿಂಬಿನ ಅಡಿಗೆ."